ಸದ್ದು ಎಷ್ಟು ಸುತ್ತಿಗೊಂದು? ದೊಡ್ಡಪ್ಪನ ಸೈಕಲ್ ರಿಪೇರಿ

ಸೈಕಲ್ಲಿನಿಂದ ಸದ್ದು ಬಂದರೆ ತಕ್ಷಣ ಪಾನ (ಸ್ಪ್ಯಾನರ್) ಹಿಡಿದು ಕೂರಬೇಡಿ. ಒಮ್ಮೆ ಹತ್ತಿ, ರಸ್ತೆಯಲ್ಲಿ ಒಂದು ರೌಂಡ್ ಹೋಗಿ, ಸದ್ದು ಎಷ್ಟು ಸುತ್ತಿಗೊಂದು ಬರುತ್ತದೆ ಅಂತ ಲೆಕ್ಕ ಹಾಕಿ. ತುಳಿಯುವುದು ನಿಲ್ಲಿಸಿದರೂ ಬರುತ್ತಾ? ಸೀಟಿನಿಂದ ಎದ್ದು ನಿಂತರೆ ಹೋಗುತ್ತಾ? ಏರಿನಲ್ಲಿ ಜಾಸ್ತಿಯಾಗುತ್ತಾ? ಇಷ್ಟಕ್ಕೆ ಉತ್ತರ ಸಿಕ್ಕರೆ ಯಾವ ನಟ್ಟು ಬಿಚ್ಚಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಅದು ಬಿಟ್ಟು ಎಲ್ಲಾ ಬಿಚ್ಚಿ ಅಂಗಳದಲ್ಲಿ ಹರಡಿಕೊಂಡರೆ, ಸಂಜೆ ಹೊತ್ತಿಗೆ ಜೋಡಿಸಿ ಮುಗಿಸಿದ ಮೇಲೂ ಸದ್ದು ಅಲ್ಲೇ ಇರುತ್ತದೆ, ಮೇಲಿಂದ ಬೇರಿಂಗಿನ ಎರಡು ಬಾಲ್ಸು ಮಿಕ್ಕಿರುತ್ತವೆ.

ಈ ಸಲ ಕೈಗೆ ಸಿಕ್ಕಿದ್ದು ತೀರ್ಥಹಳ್ಳಿ ಹತ್ತಿರದ ನಮ್ಮ ದೊಡ್ಡಪ್ಪನ ಸೈಕಲ್. ಕರಿ ಬಣ್ಣ, 28 ಇಂಚಿನ ಚಕ್ರ, ರಾಡ್ ಬ್ರೇಕು, ಕಾಟರ್ ಪಿನ್ನಿನ ಕ್ರ್ಯಾಂಕು. ಕ್ರ್ಯಾಂಕು ಅಂದರೆ ಪೆಡಲ್ ಕೂರುವ ಕೈ, ಅದನ್ನು ಆಕ್ಸಲಿಗೆ ಹಿಡಿದಿಡುವ ಬೆಣೆಯೇ ಕಾಟರ್ ಪಿನ್. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ತೋಟಕ್ಕೆ ಸುಣ್ಣ, ಮೈಲುತುತ್ತ (ಕಾಪರ್ ಸಲ್ಫೇಟ್), ಗೊಬ್ಬರ, ಎಲ್ಲವೂ ಇದರ ಕ್ಯಾರಿಯರ್ ಮೇಲೆಯೇ. ಮಳೆಗಾಲ ಪೂರ್ತಿ ಕೊಟ್ಟಿಗೆ ಮಾಡಿನ ಅಡಿ ನಿಂತಿತ್ತು. ನೇರ ಮಳೆ ಬೀಳದಿದ್ದರೂ ಎರಚಲು ತಪ್ಪುವುದಿಲ್ಲ. ಮೇಗರವಳ್ಳಿ ದಾಟಿ ಆಗುಂಬೆ ಕಡೆ ಹೋದರಂತೂ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಸುರಿಯುತ್ತದೆ, ಅಲ್ಲಿಗೆ ಹೋಲಿಸಿದರೆ ನಮ್ಮಲ್ಲಿ ಕಡಿಮೆ, ಆದರೂ ಕಬ್ಬಿಣ ಹಾಳಾಗಲು ಬೇಕಾದಷ್ಟು ಇದೆ.

ಸದ್ದಿನ ವಿಷಯ ಎತ್ತಿದರೆ ದೊಡ್ಡಪ್ಪ, "ಇರ್ಲಿ ಬಿಡು ಮಾರಾಯ, ಆ ಸದ್ದಿಗೆ ದಾರಿಯಲ್ಲಿ ಮಲಗಿದ ದನ ಎಲ್ಲ ಎದ್ದು ಹೋಗ್ತಾವೆ. ಬೆಲ್ ಹೊಡೆಯೋ ಕೆಲಸ ಇಲ್ಲ" ಅಂದರು. ಅವರಿಗೆ ತೊಂದರೆ ಕೊಡುತ್ತಿದ್ದದ್ದು ಸದ್ದಲ್ಲ, ಬೆಳಿಗ್ಗೆ ಹೊತ್ತು ಪೆಡಲ್ ಜಾರುವುದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಲೆಕ್ಕ. ಈ ಸೈಕಲ್ಲಿನ ಮುಂದಿನ ಹಲ್ಲಿನ ಚಕ್ರದಲ್ಲಿ 44 ಹಲ್ಲು, ಹಿಂದೆ ಫ್ರೀವೀಲಿನಲ್ಲಿ, ಅಂದರೆ ಹಿಂದಿನ ಚಕ್ರದ ಹಲ್ಲಿನ ಬಿಲ್ಲೆಯಲ್ಲಿ, 18. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಹೆಚ್ಚುಕಡಿಮೆ ಎರಡೂವರೆ ಸುತ್ತು ಹೋಗುತ್ತದೆ. ಚೈನಿನದು ಇದಕ್ಕೆ ಉಲ್ಟಾ. ಪೆಡಲಿನ ಒಂದು ಸುತ್ತಿಗೆ 44 ಕೊಂಡಿ ಮುಂದೆ ಹೋಗುತ್ತದೆ, ಚೈನಿನಲ್ಲಿ ಇರುವುದು 112 ಕೊಂಡಿ. ಅಂದರೆ ಪೂರಾ ಚೈನು ಒಮ್ಮೆ ಸುತ್ತಿ ಬರಬೇಕಾದರೆ ಪೆಡಲ್ ಎರಡೂವರೆ ಸುತ್ತು ತುಳಿಯಬೇಕು. ಹಾಗಾಗಿ ತುಳಿಯುವಾಗ ಪೆಡಲಿನ ಪ್ರತಿ ಸುತ್ತಿಗೂ ಸರಿಯಾಗಿ ಒಂದೋ ಎರಡೋ ಸಲ ಬರುವ ಸದ್ದು ಪೆಡಲ್, ಕ್ರ್ಯಾಂಕು, ಬಿಬಿ (ಬಾಟಮ್ ಬ್ರಾಕೆಟ್, ಎರಡು ಕ್ರ್ಯಾಂಕಿನ ನಡುವೆ ಫ್ರೇಮಿನ ಅಡಿಯಲ್ಲಿರುವ ಬೇರಿಂಗು) ಆಕ್ಸಲ್ ಇವುಗಳದ್ದು. ಒಂದು ಸುತ್ತಿನಲ್ಲಿ ಎರಡು ಮೂರು ಸಲ ಬಂದು, ತುಳಿಯುವುದು ನಿಲ್ಲಿಸಿದರೂ ಮುಂದುವರಿದರೆ ಚಕ್ರದ್ದು. ಎರಡು ಮೂರು ಸುತ್ತಿಗೆ ಒಮ್ಮೆ ಮಾತ್ರ ಬಂದರೆ ಚೈನಿನ ಯಾವುದೋ ಒಂದು ಕೊಂಡಿಯದ್ದು. ನಿಮ್ಮ ಸೈಕಲ್ಲಿನ ಹಲ್ಲು ಬೇರೆ ಇದ್ದರೆ ಎಣಿಸಿ ಭಾಗಿಸಿಕೊಳ್ಳಿ, ಅಷ್ಟೆ.

ದೊಡ್ಡಪ್ಪನ ಸೈಕಲ್ಲಿನಲ್ಲಿ ಈ ಮೂರೂ ಇದ್ದವು.

ಪೆಡಲಿನ ಒಂದು ಸುತ್ತಿಗೆ ಎರಡು ಸಲ ಬರುವ 'ಟಕ್' ಸದ್ದಿನಿಂದ ಶುರು ಮಾಡಿದೆ. ಸ್ಟ್ಯಾಂಡ್ ಹಾಕಿ ಕೈಯಲ್ಲಿ ತಿರುಗಿಸಿದರೆ ಸುಮ್ಮನಿರುತ್ತದೆ, ಏರು ತುಳಿದರೆ ಕಾಲಿನ ಅಡಿಗೇ ತಾಗುತ್ತದೆ. ಭಾರ ಬಿದ್ದಾಗ ಮಾತ್ರ ಬರುವ ಇಂಥ ಸದ್ದಿಗೆ ಮೊದಲ ಅನುಮಾನ ಕಾಟರ್ ಪಿನ್ನಿನ ಮೇಲೆ. ಪರೀಕ್ಷೆ ಸುಲಭ. ಎರಡೂ ಕ್ರ್ಯಾಂಕನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿ, ಎರಡು ಪೆಡಲಿನ ಮೇಲೂ ಕೈಯಿಟ್ಟು ಜೋರಾಗಿ ಒತ್ತಿ. ಆಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ಒತ್ತಿ. ಕ್ರ್ಯಾಂಕು ಆಕ್ಸಲಿನ ಮೇಲೆ ಸ್ವಲ್ಪ ಆಡಿದರೂ ಕೈಗೆ ಗೊತ್ತಾಗುತ್ತದೆ. ಎಡಗಡೆಯದು ಆಡುತ್ತಿತ್ತು.

ಕಾಟರ್ ಪಿನ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಎಲ್ಲಾ ಕಡೆ ಇದೆ. ನಟ್ಟು ಬಿಗಿ ಮಾಡಿದರೆ ಪಿನ್ ಒಳಗೆ ಎಳೆದುಕೊಳ್ಳುತ್ತದೆ ಅಂತ. ಇಲ್ಲ. ಪಿನ್ನನ್ನು ಕೂರಿಸುವುದು ಸುತ್ತಿಗೆ, ನಟ್ಟು ಇರುವುದು ಅದು ಹಿಂದೆ ಸರಿಯದಂತೆ ತಡೆಯಲು ಮಾತ್ರ. ನಟ್ಟನ್ನೇ ತಿರುಗಿಸುತ್ತಾ ಹೋದರೆ ಮರೆ (ತಿರುಪಿನ ಗೆರೆ) ಹಾಳಾಗಿ ಹೋಗುತ್ತದೆ, ಪಿನ್ ಅಲ್ಲೇ ಇರುತ್ತದೆ. ದೊಡ್ಡಪ್ಪನ ಪಿನ್ನಿಗೆ ಯಾರೋ ಅದನ್ನೇ ಮಾಡಿದ್ದರು.

ಹೊರಗೆ ತೆಗೆಯುವಾಗ ಕ್ರ್ಯಾಂಕಿನ ಅಡಿಗೆ ಗಟ್ಟಿ ಆಧಾರ ಬೇಕೇ ಬೇಕು. ನಾನು ಒಂದು ಗೇಣುದ್ದದ ಕಬ್ಬಿಣದ ಪೈಪಿನ ತುಂಡು ಇಟ್ಟುಕೊಂಡಿದ್ದೇನೆ, ಅದನ್ನು ನೆಲಕ್ಕೆ ನಿಲ್ಲಿಸಿ, ಅಡಿಗೆ ಮರದ ತುಂಡು ಕೊಟ್ಟು ಎತ್ತರ ಸರಿ ಮಾಡಿ, ಪಿನ್ನಿನ ದಪ್ಪ ತುದಿ ಪೈಪಿನ ತೂತಿನೊಳಗೆ ಇಳಿಯುವ ಹಾಗೆ ಕ್ರ್ಯಾಂಕನ್ನು ಅದರ ಮೇಲೆ ಕೂರಿಸಿದೆ. ಆಧಾರ ಇಲ್ಲದೆ ಹೊಡೆದರೆ ಏಟೆಲ್ಲ ಬಿಬಿ ಬಾಲ್ಸಿಗೆ ಹೋಗಿ ಅವು ಕೂರುವ ಕಪ್ಪಿನಲ್ಲಿ (ಬಟ್ಟಲಿನಲ್ಲಿ) ಗುಳಿ ಬೀಳುತ್ತದೆ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲ ಮಾಡಿ, ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು, ದೊಡ್ಡ ಸುತ್ತಿಗೆಯಲ್ಲಿ ಒಂದೇ ಜೋರು ಏಟು. ಚಿಕ್ಕ ಸುತ್ತಿಗೆಯಲ್ಲಿ ಹತ್ತು ಸಲ ಕುಟ್ಟಿದರೆ ಪಿನ್ ಬಗ್ಗುತ್ತದೆಯೇ ಹೊರತು ಬರುವುದಿಲ್ಲ.

ಹೊಸ ಪಿನ್ ನೇರವಾಗಿ ಕೂರುವುದು ಅಪರೂಪ. ಅದರ ಚಪ್ಪಟೆ ಮೈಯನ್ನು ಅರದಲ್ಲಿ ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ, ಮರೆಯ ಭಾಗ ನಟ್ಟು ಹಿಡಿಯುವಷ್ಟು ಮಾತ್ರ ಹೊರಗೆ ಬರುವ ಹಾಗೆ ಮಾಡಬೇಕು. ಅರ ಓಡಿಸುವಾಗ ಇಳಿಜಾರು ಕೆಡಬಾರದು, ಒಂದು ಕಡೆ ಜಾಸ್ತಿ ತಿಂದರೆ ಪಿನ್ ಒಂದೇ ಅಂಚಿನಲ್ಲಿ ತಾಗಿ ಮತ್ತೆ ಸಡಿಲವಾಗುತ್ತದೆ. ಎರಡೂ ಕಡೆಯ ಪಿನ್ ತಂತಮ್ಮ ಕ್ರ್ಯಾಂಕಿಗೆ ಒಂದೇ ದಿಕ್ಕಿನಿಂದ ಹೋಗಿರಬೇಕು, ಅಂದರೆ ಒಂದು ಕಡೆ ನಟ್ಟು ಮೇಲಿದ್ದರೆ ಇನ್ನೊಂದು ಕಡೆ ಕೆಳಗೆ. ತಪ್ಪಿದರೆ ಎರಡು ಪೆಡಲ್ ಒಂದೇ ಗೆರೆಯಲ್ಲಿ ಬರುವುದಿಲ್ಲ, ತುಳಿಯುವಾಗ ಕುಂಟುತ್ತದೆ. ಸುತ್ತಿಗೆಯಲ್ಲಿ ಕೂರಿಸಿ, ನಟ್ಟು ಬಿಗಿದು, ತೀರ್ಥಹಳ್ಳಿ ಪೇಟೆಗೆ ಹೋಗಿ ಬಂದು ಮತ್ತೊಂದು ಏಟು ಹಾಕಿ ಮತ್ತೆ ಬಿಗಿದೆ. ಆ ಎರಡನೇ ಏಟು ಮರೆತರೆ ಹೊಸ ಪಿನ್ನೂ ಸಡಿಲವಾಗುತ್ತದೆ.

ಕ್ರ್ಯಾಂಕು ಹೇಗೂ ಬಂದಿತ್ತಲ್ಲ, ಬಿಬಿ ನೋಡಿಬಿಡೋಣ ಅಂತ ಎಡಗಡೆ ರಿಂಗು, ಕಪ್ಪು ಬಿಚ್ಚಿದೆ. ಬಿಚ್ಚುವ ಮೊದಲು ಸೀಟಿನ ಪಿಲ್ಲರ್ ತೆಗೆದು ಸೈಕಲ್ ತಲೆಕೆಳಗು ಮಾಡಿದಾಗ ಆ ಪೈಪಿನಿಂದ ಎಲೆ ಅಡಿಕೆ ಉಗುಳಿದ ಹಾಗೆ ಕೆಂಪು ನೀರು ಬಿತ್ತು, ಒಂದು ಲೋಟಕ್ಕೆ ಮೋಸವಿಲ್ಲ. ಮಳೆ ನೀರು ಸೀಟಿನ ಕಂಬದ ಸಂದಿಯಲ್ಲಿ ಇಳಿದು, ಪೈಪಿನಲ್ಲಿ ಜಾರಿ, ಕೊನೆಗೆ ನಿಲ್ಲುವುದು ಬಿಬಿಯಲ್ಲೇ. ಒಳಗೆ ಗ್ರೀಸು ನೀರಿನ ಜೊತೆ ಕಲಸಿ ಬೆಳ್ಳಗಾಗಿತ್ತು. ಬಾಲ್ಸು ಕಾಲು ಇಂಚಿನವು, ಒಂದು ಕಡೆಗೆ 11. ಅವುಗಳಲ್ಲಿ ಕೆಲವು ಹೊಳಪು ಕಳೆದುಕೊಂಡು ಬೂದು ಬಣ್ಣಕ್ಕೆ ತಿರುಗಿದ್ದವು, ಬೆಳಕಿಗೆ ಹಿಡಿದರೆ ಸೂಜಿ ಚುಚ್ಚಿದಷ್ಟು ಸಣ್ಣ ಗುಳಿಗಳು. ಹಳೇ ಹೊಸದು ಬೆರೆಸಬೇಡಿ, ಹೊಸ ಬಾಲ್ಸು ಒಂದು ಕೂದಲೆಳೆ ದಪ್ಪ ಇದ್ದರೂ ಭಾರವೆಲ್ಲ ಅವೇ ಹೊರಬೇಕಾಗುತ್ತದೆ. ಎಲ್ಲಾ 22 ಬದಲಾಯಿಸಿದೆ, ಅದಕ್ಕೇನು ಆಸ್ತಿ ಮಾರಬೇಕಾಗಿಲ್ಲ.

ಬಲಗಡೆ ಕಪ್ಪು ಮಾತ್ರ ಸುಮ್ನೆ ಮುಟ್ಟಬೇಡಿ. ಅದರ ಮರೆ ಉಲ್ಟಾ. ಎಲ್ಲಾ ನಟ್ಟಿನ ಹಾಗೆ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತದೆ. ಒಳಗಿನಿಂದಲೇ ಬಟ್ಟೆ ಹಾಕಿ ಒರೆಸಿ, ಟಾರ್ಚು ಬಿಟ್ಟು ನೋಡಿ, ಗುಳಿ ಇಲ್ಲದಿದ್ದರೆ ಅಲ್ಲೇ ಬಿಡಿ. ಪೆಡಲಿನಲ್ಲೂ ಇದೇ ತಕರಾರು, ಆದರೆ ಅಲ್ಲಿ ಉಲ್ಟಾ ಇರುವುದು ಎಡಗಡೆಯದು. ನೆನಪಿಟ್ಟುಕೊಳ್ಳಲು ಸುಲಭ ದಾರಿ: ಪಾನದ ಹಿಡಿಯನ್ನು ಪೆಡಲಿನ ಮೇಲ್ಗಡೆಗೆ ನಿಲ್ಲಿಸಿ ಸೈಕಲ್ಲಿನ ಹಿಂಭಾಗಕ್ಕೆ ತಳ್ಳಿದರೆ ಎರಡೂ ಪೆಡಲ್ ಬಿಚ್ಚುತ್ತವೆ.

ಜೋಡಿಸುವಾಗ ಗ್ರೀಸು ಧಾರಾಳವಾಗಿ ಹಾಕಿದೆ. ಸೀಟಿನ ಕಂಬದ ಸಂದಿಗೂ ಬಳಿದು, ಮೇಲೆ ಹಳೇ ಟ್ಯೂಬಿನ ತುಂಡನ್ನು ಸುತ್ತಿ ಕಟ್ಟಿದೆ. ನೋಡಲು ಚೆಂದ ಇಲ್ಲ. ನೀರು ಇಳಿಯುವುದಿಲ್ಲ.

ಎರಡನೆಯದು ಚೈನು. ಎರಡು ಮೂರು ಸುತ್ತಿಗೊಮ್ಮೆ 'ಕಟಕ್' ಅನ್ನುತ್ತಿತ್ತು. ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸುತ್ತಾ ಫ್ರೀವೀಲಿನಿಂದ ಚೈನು ಹೊರಬರುವ ಜಾಗವನ್ನೇ ನೋಡುತ್ತಾ ಕೂತರೆ, ಒಂದು ಕೊಂಡಿ ಮಾತ್ರ ನೆಟ್ಟಗಾಗದೆ ಮೊಣಕೈ ಮಡಚಿಕೊಂಡೇ ಬರುತ್ತದೆ. ತುಕ್ಕು ಹಿಡಿದು ಗಟ್ಟಿಯಾದದ್ದು. ಎಣ್ಣೆ ಬಿಟ್ಟು, ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡಕ್ಕೆ ಅಲುಗಾಡಿಸಿದರೆ ಬಿಡುತ್ತದೆ. ಅದು ಬಿಟ್ಟಿತು, ಆದರೆ ಚೈನೇ ಸವೆದಿತ್ತು. ಸ್ಟೀಲ್ ಸ್ಕೇಲ್ ಇಟ್ಟು ಅಳೆದೆ. ಒಂದು ಕೊಂಡಿ ಅರ್ಧ ಇಂಚು, ಹಾಗಾಗಿ 24 ಕೊಂಡಿ ಸರಿಯಾಗಿ 12 ಇಂಚು ಬರಬೇಕು. ಒಂದು ಪಿನ್ನಿನ ನಡುವಿಂದ ಅಳೆದು 12 ಇಂಚಿನ ಮೇಲೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಬಂದರೆ ಚೈನು ಬದಲಾಯಿಸುವ ಕಾಲ. ಇದು ಅದನ್ನೂ ದಾಟಿತ್ತು. ಅಂಥ ಚೈನಿಗೆ ಎಷ್ಟು ಎಣ್ಣೆ ಬಿಟ್ಟರೂ ಅದು ಹಲ್ಲನ್ನು ತಿನ್ನುತ್ತಲೇ ಹೋಗುತ್ತದೆ.

ಹೊಸ ಚೈನಿನ ಎರಡು ತುದಿ ಜೋಡಿಸುವ ಲಾಕ್ ಹಾಕುವಾಗ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ. ಬಾಯಿ ತೆರೆದ ತುದಿ ಮುಂದಿದ್ದರೆ ಎಲ್ಲೋ ತಾಗಿ ಹಾರಿಹೋಗುತ್ತದೆ. ಮಧ್ಯದಲ್ಲಿ ಬೆರಳಿಟ್ಟು ಎತ್ತಿದರೆ ಅರ್ಧ ಇಂಚು ಆಡಬೇಕು. ಬಿಗಿ ಇದ್ದಷ್ಟು ಒಳ್ಳೆಯದು ಅಂತ ಎಳೆದು ಕಟ್ಟುವವರಿದ್ದಾರೆ, ಅವರ ಚಕ್ರದ ನಡುವಿನ ಹಬ್ಬಿನ ಬಾಲ್ಸು ಬೇಗ ಹೋಗುತ್ತದೆ.

ಈಗ ದೊಡ್ಡಪ್ಪನ ನಿಜವಾದ ದೂರು. ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ, ಬೆಳಿಗ್ಗೆ ಡೈರಿಗೆ ಹೋಗುವಾಗ ಪೆಡಲ್ ಒಮ್ಮೊಮ್ಮೆ ಸರ್ರನೆ ಜಾರಿ ಕಾಲು ಕೆಳಗೆ ಹೋಗುತ್ತದೆ. ಕ್ಯಾನು ತುಂಬಿರುವಾಗ ಹಾಗಾದರೆ ಸೊಂಟ ಹಿಡಿದುಕೊಳ್ಳುತ್ತದೆ. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದರೆ, ಅಲ್ಲಿ ತುಳಿದು ನೋಡಿ ಏನೂ ಆಗಿಲ್ಲ ಅಂದರಂತೆ. ನಾನು ಮಧ್ಯಾಹ್ನ ಹತ್ತಿದಾಗಲೂ ಏನೂ ಆಗಲಿಲ್ಲ. ಹಳೇ ಚೈನು ಹಲ್ಲಿನ ಮೇಲೆ ಹಾರುತ್ತಿದೆ ಅಂತಲೇ ಮೊದಲು ಅನಿಸುವುದು, ಆದರೆ ಚೈನು ಹಾರಿದರೆ 'ಕಟ್' ಅಂತ ಏಟು ಬೀಳುತ್ತದೆ, ಹಲ್ಲಿನ ತುದಿಯಲ್ಲಿ ಹೊಸ ಗೀರು ಕಾಣುತ್ತದೆ. ಇಲ್ಲಿ ಎರಡೂ ಇಲ್ಲ. ಸದ್ದೇ ಇಲ್ಲದೆ ಜಾರುತ್ತದೆ ಅಂದರೆ ಫ್ರೀವೀಲಿನ ಒಳಗಿನ ಕೆಲಸ.

ಫ್ರೀವೀಲಿನ ಒಳಗೆ ಎರಡು ಚಿಕ್ಕ ನಾಲಿಗೆ ಇರುತ್ತವೆ, ಅವುಗಳ ಹಿಂದೆ ತೆಳ್ಳಗಿನ ತಂತಿ ಸ್ಪ್ರಿಂಗು. ಮುಂದಕ್ಕೆ ತುಳಿದಾಗ ನಾಲಿಗೆ ಎದ್ದು ಒಳಗಿನ ಹಲ್ಲಿಗೆ ಕಚ್ಚುತ್ತದೆ, ತುಳಿಯುವುದು ನಿಲ್ಲಿಸಿದಾಗ ಹಲ್ಲಿನ ಮೇಲೆ ಹತ್ತಿ ಇಳಿಯುತ್ತದೆ, ನಾವು ಕೇಳುವ 'ಟಿಕ್ ಟಿಕ್' ಅದೇ. ಸ್ಪ್ರಿಂಗಿನ ಬಲ ಬಹಳ ಕಡಿಮೆ. ಒಳಗೆ ಅಂಟು ಸೇರಿದರೆ ನಾಲಿಗೆ ಏಳುವುದೇ ಇಲ್ಲ.

ಸರಿ, ಅಂಟು ಬೆಳಿಗ್ಗೆ ಮಾತ್ರ ಯಾಕೆ? ಯಾವ ಎಣ್ಣೆ ಬಿಡ್ತೀರಿ ಅಂತ ಕೇಳಿದೆ. "ತೆಂಗಿನೆಣ್ಣೆ. ತಲೆಗೆ ಹಾಕೋದೇ ಆಗುತ್ತಂತೆ, ಸೈಕಲ್ಲಿಗೆ ಆಗಲ್ವನಾ?" ಅಂದರು.

ಅಲ್ಲಿಗೆ ಮುಗಿಯಿತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಚಳಿಗಾಲದ ಬೆಳಿಗ್ಗೆ ಇಪ್ಪತ್ತರ ಒಳಗೇ ಇರುತ್ತದೆ, ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿ ಕಡ್ಡಿ ಹಾಕಿ ತೆಗೆಯುವುದು ಎಲ್ಲರಿಗೂ ಗೊತ್ತಲ್ವಾ? ಫ್ರೀವೀಲಿನಲ್ಲೂ ಅದೇ ಆಗುತ್ತಿತ್ತು. ಬಿಸಿಲು ಏರಿದ ಮೇಲೆ ಎಣ್ಣೆ ಕರಗುತ್ತದೆ, ನಾಲಿಗೆ ಬಿಡುತ್ತದೆ, ಅಂಗಡಿಯವರ ಕೈಗೆ ಹೋಗುವ ಹೊತ್ತಿಗೆ ಸೈಕಲ್ ಸಾಧು.

ಫ್ರೀವೀಲ್ ಬಿಚ್ಚಲು ಹೋಗಲಿಲ್ಲ. ಅದರ ಮುಚ್ಚಳದ ಮರೆಯೂ ಉಲ್ಟಾ, ಒಳಗೆ ಇಂಚಿನ ಎಂಟನೇ ಒಂದು ಭಾಗದ ಸಣ್ಣ ಬಾಲ್ಸು ರಾಶಿ ಇರುತ್ತವೆ, ಅಂಗಳಕ್ಕೆ ಚೆಲ್ಲಿದರೆ ಕೋಳಿಯೇ ಹೆಕ್ಕಬೇಕು. ಚಕ್ರ ಬಿಚ್ಚಿ, ಫ್ರೀವೀಲ್ ಮೇಲೆ ಬರುವ ಹಾಗೆ ಮಲಗಿಸಿ, ಒಳಗಿನ ಹೊರಗಿನ ಭಾಗದ ನಡುವಿನ ಸಂದಿಗೆ ಡೀಸೆಲ್ ಬಿಟ್ಟು ತಿರುಗಿಸುತ್ತಾ ಹೋದೆ. ಮೊದಲು ಕರಿ, ಆಮೇಲೆ ಕಂದು, ಕೊನೆಗೆ ಬಿಟ್ಟ ಡೀಸೆಲ್ಲೇ ಕೆಳಗೆ ಬರುವ ತನಕ. ಬಿಸಿಲಿಗೆ ಒಣಗಿಸಿ ಹೊಲಿಗೆ ಮಿಷನ್ ಎಣ್ಣೆ ಕೆಲವು ಹನಿ. ಇಲ್ಲಿ ಗ್ರೀಸು ತುಂಬಬೇಡಿ, ಗ್ರೀಸು ತುಂಬಿದರೆ ತೆಂಗಿನೆಣ್ಣೆಯ ಕಥೆಯೇ ವರ್ಷವಿಡೀ. ಮಾರನೇ ದಿನ ಬೆಳಿಗ್ಗೆ ಇಬ್ಬನಿ ಇರುವಾಗಲೇ ದೊಡ್ಡಪ್ಪನನ್ನು ಎಬ್ಬಿಸಿಕೊಂಡು ಹೋಗಿ ತುಳಿಸಿದೆ. ಜಾರಲಿಲ್ಲ.

ಮೂರನೇ ಸದ್ದು ಹಿಂದಿನ ಚಕ್ರದ್ದು, ತುಳಿಯದಿದ್ದರೂ ಬರುತ್ತದೆ. ಇಂಥ ಸೈಕಲ್ಲಿನಲ್ಲಿ ಮುಂದೆ 32 ಕಡ್ಡಿ, ಹಿಂದೆ 40. ಹಿಂದೆ ಬಲಗಡೆ, ಅಂದರೆ ಫ್ರೀವೀಲ್ ಕಡೆಯ ಕಡ್ಡಿಗಳು ಎಡಗಡೆಯವಕ್ಕಿಂತ ಬಿಗಿ ಇರುತ್ತವೆ, ತುಂಡಾಗುವುದೂ ಅವೇ ಜಾಸ್ತಿ. ಎರಡು ಕಡ್ಡಿ ಹಬ್ಬಿನ ತೂತಿನ ಹತ್ತಿರ, ಬಾಗಿದ ಜಾಗದಲ್ಲೇ ಕತ್ತರಿಸಿ ಹೋಗಿದ್ದವು. ಆದರೆ ವಿಚಿತ್ರ ಅಂದರೆ ಕ್ಯಾರಿಯರಿನ ಅಡಿ, ರಿಮ್ಮಿನ ಅಂಚು, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಒಂದಷ್ಟು ನಿಪ್ಪಲ್, ಇವುಗಳ ಮೇಲೆ ತುಕ್ಕಿನ ನಡುವೆ ಹೊಳೆಯುವ ಕೆಂಪು ಚುಕ್ಕೆಗಳಿದ್ದವು. ಅದು ತಾಮ್ರ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ಚೀಲ ಕ್ಯಾರಿಯರ್ ಮೇಲೆ ಬರುತ್ತದೆ, ಮಳೆಗೆ ನೆನೆದು ಹನಿಯುತ್ತದೆ. ಆ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸರಿಯಾಗಿದೆಯಾ ಅಂತ ಕತ್ತಿ ಅದ್ದಿ ನೋಡುತ್ತೇವಲ್ಲ, ಕತ್ತಿ ಕೆಂಪಾದರೆ ಸುಣ್ಣ ಸಾಲದು ಅಂತ. ಅದೇ ಪರೀಕ್ಷೆಯನ್ನು ದೊಡ್ಡಪ್ಪ ವರ್ಷಾ ವರ್ಷ ಸೈಕಲ್ಲಿಗೂ ಮಾಡುತ್ತಿದ್ದರು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಬೆರೆತ ಮೇಲೆ ಅಷ್ಟು ಅಪಾಯ ಇಲ್ಲ, ಬರಿ ಮೈಲುತುತ್ತದ ನೀರೇ ಕೆಟ್ಟದ್ದು. ಚೀಲದ ಅಡಿಗೆ ಪ್ಲಾಸ್ಟಿಕ್ ಹಾಕಿ, ಮನೆಗೆ ಬಂದ ಮೇಲೆ ನೀರು ಎರಚಿ ಒರೆಸಿದರೆ ಸಾಕು.

ಬಲಗಡೆಯ ಕಡ್ಡಿ ಹಾಕಲು ಫ್ರೀವೀಲ್ ತೆಗೆಯಲೇಬೇಕು, ಇಲ್ಲದಿದ್ದರೆ ತೂತಿಗೆ ಕಡ್ಡಿ ಹೋಗುವುದಿಲ್ಲ. ಅದಕ್ಕೆ ಕಚ್ಚಿ ಹಿಡಿಯುವ ವೈಸು ಬೇಕು, ಹಾಗಾಗಿ ಅಷ್ಟನ್ನು ಪೇಟೆಯಲ್ಲಿ ಮಾಡಿಸಿದೆ. ರಿಮ್ಮಿನ ಬೆಂಡ್ ತೆಗೆಯುವುದು ಮನೆಯಲ್ಲೇ. ನಿಪ್ಪಲ್ಲಿಗೆ ಹಿಂದಿನ ಸಂಜೆ ಎಣ್ಣೆ ಬಿಟ್ಟಿರಬೇಕು, ಒಣ ನಿಪ್ಪಲ್ ತಿರುಗಿಸಿದರೆ ಕಡ್ಡಿಯೇ ತಿರುಚಿಕೊಂಡು ಮುರಿಯುತ್ತದೆ. ಸೀಮೆಸುಣ್ಣವನ್ನು ಫ್ರೇಮಿಗೆ ಒತ್ತಿ ಹಿಡಿದು ಚಕ್ರ ತಿರುಗಿಸಿದರೆ ಉಬ್ಬಿದ ಕಡೆ ಗುರುತು ಬೀಳುತ್ತದೆ. ರಿಮ್ಮು ಎಡಕ್ಕೆ ಉಬ್ಬಿದ್ದರೆ ಅಲ್ಲಿನ ಬಲಗಡೆಯ ಕಡ್ಡಿ ಕಾಲು ಸುತ್ತು ಬಿಗಿ, ಎಡಗಡೆಯದು ಕಾಲು ಸುತ್ತು ಸಡಿಲ. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸುವ ಆಸೆ ಬೇಡ.

ಬ್ರೇಕಿನಲ್ಲಿ ಮಾಡಿದ್ದು ಕಡಿಮೆ. ರಾಡಿನ ಕೀಲುಗಳಿಗೆ ಎಣ್ಣೆ, ರಬ್ಬರ್ ಬದಲಾವಣೆ, ರಿಮ್ಮಿನಿಂದ ಮೂರು ಮಿಲಿಮೀಟರ್ ದೂರಕ್ಕೆ ಸೆಟ್ಟಿಂಗು. ಆದರೆ ಸ್ಟೀಲ್ ರಿಮ್ಮು ಒದ್ದೆಯಾದರೆ ಯಾವ ರಬ್ಬರೂ ಸರಿಯಾಗಿ ಹಿಡಿಯುವುದಿಲ್ಲ, ಇದು ರಿಪೇರಿಗೆ ಬಗ್ಗುವ ವಿಷಯ ಅಲ್ಲ. ಮಳೆಯಲ್ಲಿ ಇಳಿಜಾರು ಬರುವ ಮೊದಲೇ ಹಗುರವಾಗಿ ಬ್ರೇಕ್ ಹಿಡಿದುಕೊಂಡು ರಿಮ್ಮಿನ ನೀರು ಒರೆಸಿಕೊಳ್ಳಬೇಕು. ಪಕ್ಕದ ಮನೆ ಹುಡುಗಿಯೂ "ಮಾವ, ನಂದೂ ನೋಡಿ" ಅಂತ ಸ್ಕೂಲಿನ ಸೈಕಲ್ ತಂದಿದ್ದಳು, ಅದು ಕೇಬಲ್ ಬ್ರೇಕು. ಕೇಬಲಿನ ಒಳಗೆ ನೀರು ನಿಂತು ತುಕ್ಕು ಹಿಡಿದಿತ್ತು, ಹಿಡಿದ ಬ್ರೇಕು ಬಿಡುತ್ತಿರಲಿಲ್ಲ. ಒಳಗಿನ ತಂತಿ ಎಳೆದು, ಒರೆಸಿ, ಗ್ರೀಸು ಸವರಿ ಹಾಕಿದೆ. ಬ್ರೇಕ್ ಶೂ ಒಂದು ತಿರುಗಮುರುಗ ಕೂತಿತ್ತು, ಅದನ್ನೂ ಸರಿ ಮಾಡಿದೆ. ಶೂವಿನ ಮುಚ್ಚಿದ ತುದಿ ಸೈಕಲ್ಲಿನ ಮುಂಭಾಗಕ್ಕೆ ಇರಬೇಕು, ಇಲ್ಲದಿದ್ದರೆ ಜೋರಾಗಿ ಹಿಡಿದಾಗ ರಬ್ಬರ್ ಜಾರಿ ಹೊರಗೆ ಬರುತ್ತದೆ.

ಗಾಳಿ ನಿಧಾನಕ್ಕೆ ಇಳಿಯುತ್ತಿದ್ದರೆ ಟ್ಯೂಬ್ ಬಿಚ್ಚುವ ಮೊದಲು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂದರೆ ವಾಲ್ವಿನ ಸಣ್ಣ ರಬ್ಬರ್ ನಳಿಕೆ (ವಾಲ್ ಟ್ಯೂಬ್) ಹಳತಾಗಿದೆ, ಪಂಕ್ಚರ್ ಅಲ್ಲ. ಟ್ಯೂಬಿನ ಒಳಮೈಯಲ್ಲಿ ತೂತಿದ್ದರೆ ಮುಳ್ಳು ಹುಡುಕಬೇಡಿ, ಕಡ್ಡಿಯ ತುದಿ ರಿಮ್ಮಿನಿಂದ ಮೇಲೆ ಬಂದಿರುತ್ತದೆ, ಅರದಲ್ಲಿ ಉಜ್ಜಿ ರಿಮ್ ಟೇಪ್ ಹಾಕಿ.

ಉಳಿದಿರುವುದು ಹಿಂದಿನ ಟೈರು. ಪಕ್ಕದಲ್ಲಿ ನೂಲು ಕಾಣುತ್ತಿದೆ, ಶಿವಮೊಗ್ಗಕ್ಕೆ ಹೋದಾಗ ತರಬೇಕು. ಅಂಗಡಿಯಲ್ಲಿ ಬರಿ 28 ಅಂತ ಕೇಳಬೇಡಿ. ಈಗಿನ ಸೈಕಲ್ಲುಗಳ 28 ಇಂಚು ಅನ್ನುವುದು ಟೈರು ರಿಮ್ಮಿನ ಮೇಲೆ ಕೂರುವ ಜಾಗದ ಅಡ್ಡಳತೆಯಲ್ಲಿ ಸಾಮಾನ್ಯವಾಗಿ 622 ಮಿಲಿಮೀಟರಿನದು, ಈ ಹಳೇ ರಿಮ್ಮಿಗೆ ಅದು ಕೂರುವುದೇ ಇಲ್ಲ. ನಮ್ಮದು 28 ಗುಣಿಸು ಒಂದೂವರೆ, ಟೈರಿನ ಪಕ್ಕದಲ್ಲಿ 635 ಅಂತ ಅಚ್ಚಾಗಿದೆಯಾ ನೋಡಿಯೇ ದುಡ್ಡು ಕೊಡಿ.